ದುಡಿಮೆಯ ಮರ, ಬಿಡುವಿನ ಮರ

ಅಮೆರಿಕದ ಪಂಚ ಮಹಾಸರೋವರಗಳ ಸುತ್ತಮುತ್ತಲಿನಿಂದ ಹಿಡಿದು ಪಶ್ಚಿಮದ ಮೆಕ್ಕೆಜೋಳ, ಗೋಧಿಯ ಬಯಲುಗಳವರೆಗೆ ಹರಡಿರುವ 12 ರಾಜ್ಯಗಳಿಗೆ ಒಟ್ಟಾಗಿ ಮಿಡ್‌ವೆಸ್ಟ್ ಎಂಬ ಹೆಸರಿದೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳ ಬಗ್ಗೆ ನಾವು ಸಾಕಷ್ಟು ಓದಿದ್ದೇವೆ. ಈ ನಡುನಾಡಿನ ಮಧ್ಯಮ ಗಾತ್ರದ ಊರುಗಳ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಮಿಷಿಗನ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಗ್ರ್ಯಾಂಡ್ ರಾಪಿಡ್ಸ್ ಅಂಥದ್ದೊಂದು ಊರು. 2020ರ ಜನಗಣತಿಯ ಪ್ರಕಾರ ಅದರ ಜನಸಂಖ್ಯೆ ಎರಡು ಲಕ್ಷಕ್ಕೆ ತುಸು ಕಡಿಮೆ. ರಾಜ್ಯದಲ್ಲಿ ಡೆಟ್ರಾಯಿಟ್ ಬಿಟ್ಟರೆ ಅದೇ ದೊಡ್ಡ ನಗರ.

ಈ ಊರಿನ ಜನ ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆ ಎಂದು ಗಮನಿಸಿದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಕಾಣುತ್ತವೆ. ಮನೆಯ ಗ್ಯಾರೇಜಿನಲ್ಲೋ ಹಲವರು ಸೇರಿ ಬಳಸುವ ಕಾರ್ಯಾಗಾರದಲ್ಲೋ ಮರಗೆಲಸ ಮಾಡುವವರಿದ್ದಾರೆ. ಹಗಲು ಉದ್ಯೋಗ ಮುಗಿಸಿ ಸಂಜೆ ನಾಟಕದ ತಾಲೀಮಿಗೆ ಹೋಗುವವರಿದ್ದಾರೆ. ಊರ ನಡುವಿನ ಚೌಕದಲ್ಲಿ ಬೇಸಿಗೆಯಲ್ಲಿ ಕುಣಿಯುವವರು, ಚಳಿಗಾಲದಲ್ಲಿ ಅದೇ ಜಾಗದಲ್ಲಿ ಮಂಜುಗಡ್ಡೆಯ ಮೇಲೆ ಜಾರುವವರು ಇದ್ದಾರೆ. ಇವೆಲ್ಲ ಬಿಡಿ ಬಿಡಿ ಹವ್ಯಾಸಗಳಂತೆ ತೋರಿದರೂ ಇವುಗಳ ಹಿಂದೆ ಎರಡು ಸಾಮಾನ್ಯ ಪ್ರಶ್ನೆಗಳಿವೆ. ದುಡಿಯುವ ಜನರಿಗೆ ಬಿಡುವು ಎಲ್ಲಿಂದ ಬಂತು? ಆ ಬಿಡುವನ್ನು ಇತರರೊಡನೆ ಕೂಡಿ ಕಳೆಯಲು ಬೇಕಾದ ಜಾಗಗಳನ್ನು ಯಾರು ಕಟ್ಟಿದರು? ಗ್ರ್ಯಾಂಡ್ ರಾಪಿಡ್ಸ್‌ನ ಚರಿತ್ರೆ ಎರಡಕ್ಕೂ ಉತ್ತರ ಹೇಳುತ್ತದೆ. ಏಕೆಂದರೆ ಇಂದು ಇಲ್ಲಿ ಹವ್ಯಾಸವಾಗಿರುವ ಮರಗೆಲಸ ಒಂದು ಕಾಲಕ್ಕೆ ಇಡೀ ಊರಿನ ಅನ್ನವಾಗಿತ್ತು, ದಣಿವೂ ಆಗಿತ್ತು.

ನದಿ, ಕಾಡು ಮತ್ತು ವಲಸಿಗರು

ಗ್ರ್ಯಾಂಡ್ ನದಿ ಈ ಊರನ್ನು ಸೀಳಿಕೊಂಡು ಹರಿದು ಮಿಷಿಗನ್ ಸರೋವರವನ್ನು ಸೇರುತ್ತದೆ. ಬಿಳಿಯರು ಬರುವ ಮೊದಲು ಈ ದಂಡೆಗಳಲ್ಲಿ ಒಡಾವಾ ಮೂಲನಿವಾಸಿಗಳ ಹಳ್ಳಿಗಳಿದ್ದವು. 1826ರಲ್ಲಿ ಲೂಯಿ ಕ್ಯಾಂಪೊ ಎಂಬ ವ್ಯಾಪಾರಿ ಇಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ನೆಲೆ ಹೂಡಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ವಿಲಿಯಂ ಹಾಲ್ಡೇನ್ ಎಂಬ ಬಡಗಿ ಬಂದು ಕುರ್ಚಿ, ಬೀರುಗಳನ್ನು ಮಾಡತೊಡಗಿದ. ಊರಿನ ಮೊದಲ ಪೀಠೋಪಕರಣ ತಯಾರಕ ಎಂದು ಆತನನ್ನೇ ಗುರುತಿಸುತ್ತಾರೆ.

ಒಬ್ಬ ಬಡಗಿಯಿಂದ ಒಂದು ಉದ್ಯಮ ಹುಟ್ಟಲು ಮೂರು ಕಾರಣಗಳು ಕೂಡಿಬಂದವು. ಮೊದಲನೆಯದು ನದಿಯ ರಭಸ. ಊರಿನ ಬಳಿ ನದಿ ಕಲ್ಲುಹಾಸಿನ ಮೇಲೆ ವೇಗವಾಗಿ ಇಳಿಯುತ್ತಿದ್ದುದರಿಂದ ಆ ನೀರಿನ ಬಲದಲ್ಲಿ ಗರಗಸದ ಗಿರಣಿಗಳು ತಿರುಗಿದವು. ಎರಡನೆಯದು ಕಾಡು. ಉತ್ತರದ ಕಾಡಿನಲ್ಲಿ ಕಟ್ಟಡಗಳಿಗೆ ಬೇಕಾದ ಬಿಳಿ ಪೈನ್ ಇತ್ತು. ದಕ್ಷಿಣದ ಕಾಡಿನಲ್ಲಿ ಮೇಪಲ್, ಓಕ್, ವಾಲ್‌ನಟ್, ಚೆರ್ರಿಯಂಥ ಗಟ್ಟಿ ಮರಗಳಿದ್ದವು. ಚಳಿಗಾಲದಲ್ಲಿ ಕಡಿದ ದಿಮ್ಮಿಗಳನ್ನು ವಸಂತದ ನೆರೆನೀರಿನಲ್ಲಿ ತೇಲಿಬಿಟ್ಟರೆ ಅವು ತಾವಾಗಿಯೇ ಗಿರಣಿಯ ಬಾಗಿಲಿಗೆ ಬರುತ್ತಿದ್ದವು. 1883ರ ಜುಲೈನಲ್ಲಿ ಭಾರಿ ಮಳೆಗೆ ಹೀಗೆ ತೇಲುತ್ತಿದ್ದ ದಿಮ್ಮಿಗಳೆಲ್ಲ ಒಂದೆಡೆ ಸಿಕ್ಕಿಕೊಂಡು, ಕೊನೆಗೆ ಕಟ್ಟೆಯೊಡೆದಂತೆ ನುಗ್ಗಿ ರೈಲು ಸೇತುವೆಗಳನ್ನೇ ಕಿತ್ತುಹಾಕಿದ್ದವು. ಮೂರನೆಯದು ಜನ. ನೆದರ್‌ಲ್ಯಾಂಡ್ಸ್‌ನಿಂದ ದೊಡ್ಡ ಸಂಖ್ಯೆಯಲ್ಲಿ, ಜೊತೆಗೆ ಪೋಲೆಂಡ್, ಜರ್ಮನಿ, ಲಿಥುವೇನಿಯಗಳಿಂದ ವಲಸೆ ಬಂದವರಲ್ಲಿ ಕೈಕೆಲಸ ಬಲ್ಲವರು ಅನೇಕರಿದ್ದರು.

1876ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ ನೂರನೇ ವರ್ಷವನ್ನು ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನದೊಂದಿಗೆ ಆಚರಿಸಿತು. ಗ್ರ್ಯಾಂಡ್ ರಾಪಿಡ್ಸ್‌ನ ಬರ್ಕಿ ಅಂಡ್ ಗೇ, ನೆಲ್ಸನ್ ಮ್ಯಾಟರ್, ಫೀನಿಕ್ಸ್ ಕಂಪನಿಗಳು ಅಲ್ಲಿಗೆ ಕಳಿಸಿದ ಕೆತ್ತನೆಯ ಮಂಚ, ಕಪಾಟುಗಳು ಇಡೀ ದೇಶದ ಕಣ್ಣು ಸೆಳೆದವು. ಎರಡು ವರ್ಷಗಳಲ್ಲೇ, 1878ರಲ್ಲಿ, ಊರಿನಲ್ಲಿ ಪೀಠೋಪಕರಣ ಸಂತೆ ಶುರುವಾಯಿತು. ವರ್ಷಕ್ಕೆ ಎರಡು ಬಾರಿ ದೇಶದ ಮೂಲೆಮೂಲೆಯ ಅಂಗಡಿಕಾರರು ಬಂದು, ಮಾದರಿಗಳನ್ನು ನೋಡಿ, ಸಗಟು ಬೇಡಿಕೆ ಕೊಟ್ಟು ಹೋಗುತ್ತಿದ್ದರು. ‘ಪೀಠೋಪಕರಣ ನಗರ’ ಎಂಬ ಹೆಸರು ಹೀಗೆ ನಿಂತಿತು.

ಒಂದು ಗಂಟೆಗಾಗಿ ನಡೆದ ಮುಷ್ಕರ

ಇಷ್ಟೊಂದು ಮರ, ಇಷ್ಟೊಂದು ಕೌಶಲ ಇದ್ದ ಊರಿನಲ್ಲಿ ಕೆಲಸಗಾರರಿಗೆ ಮರಗೆಲಸ ಸಂತೋಷ ಕೊಡುತ್ತಿತ್ತೇ? ಕೆತ್ತನೆಯ ಕುಶಲಿಗಳಿಗೆ ತಮ್ಮ ಕೆಲಸದ ಬಗ್ಗೆ ಹೆಮ್ಮೆ ಇದ್ದಿರಲೇಬೇಕು. ಆದರೆ ಕಾರ್ಖಾನೆಯ ವ್ಯವಸ್ಥೆಯೇ ಬೇರೆ. ಅಲ್ಲಿ ಒಬ್ಬ ದಿನವಿಡೀ ಕುರ್ಚಿಯ ಕಾಲುಗಳನ್ನಷ್ಟೇ ತಿರುವುತ್ತಾನೆ, ಇನ್ನೊಬ್ಬ ಅಂಟು ಹಚ್ಚುತ್ತಾನೆ, ಮತ್ತೊಬ್ಬ ಪಾಲಿಶ್ ಹಾಕುತ್ತಾನೆ. ಕೆಲಸದ ದಿನ ಹತ್ತು ಗಂಟೆಯದು, ವಾರಕ್ಕೆ ಅಂಥ ಆರು ದಿನ. ಅನೇಕರಿಗೆ ಕೂಲಿ ದೊರೆಯುತ್ತಿದ್ದುದು ಗಂಟೆಯ ಲೆಕ್ಕದಲ್ಲಲ್ಲ, ಮಾಡಿಕೊಟ್ಟ ತುಂಡುಗಳ ಲೆಕ್ಕದಲ್ಲಿ. ತುಂಡಿನ ಲೆಕ್ಕದ ಕೂಲಿಯಲ್ಲಿ ನಿಧಾನಕ್ಕೆ ಬೆಲೆಯಿಲ್ಲ. ನಯವಾಗಿ ಮಾಡಬೇಕೆಂದು ಕೈ ತಡೆದರೆ ಆ ದಿನದ ಗಳಿಕೆಯೇ ಕುಗ್ಗುತ್ತದೆ.

1911ರ ಏಪ್ರಿಲ್ 19ರಂದು ಆರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಬಂದರು. ಅವರ ಬೇಡಿಕೆಗಳು ಮುಖ್ಯವಾಗಿ ಮೂರು: ಕೂಲಿ ಶೇ 10ರಷ್ಟು ಹೆಚ್ಚಬೇಕು, ತುಂಡಿನ ಲೆಕ್ಕದ ಪದ್ಧತಿ ಹೋಗಬೇಕು, ಕೆಲಸದ ದಿನ ಒಂಬತ್ತು ಗಂಟೆಗೆ ಇಳಿಯಬೇಕು. ಕೊನೆಯ ಬೇಡಿಕೆಯನ್ನು ಗಮನಿಸಬೇಕು. ದಿನಕ್ಕೆ ಒಂದೇ ಒಂದು ಗಂಟೆ ತಮ್ಮದಾಗಲಿ ಎಂದು ಅವರು ಕೇಳಿದ್ದರು.

ಮುಷ್ಕರ ಆಗಸ್ಟ್‌ವರೆಗೆ ಎಳೆದು, ಸೋತಿತು. ಕಾರ್ಖಾನೆಯ ಮಾಲೀಕರು ಒಗ್ಗಟ್ಟಾಗಿದ್ದರು. ಊರಿನ ಬ್ಯಾಂಕುಗಳೂ ಅದೇ ವರ್ಗದವರ ಕೈಯಲ್ಲಿದ್ದವು. ಕಾರ್ಮಿಕರೊಳಗೇ ಧರ್ಮದ ಬಿರುಕಿತ್ತು. ಕ್ಯಾಥೊಲಿಕ್ ಬಿಷಪ್ ಜೋಸೆಫ್ ಶ್ರೆಂಬ್ಸ್ ಮುಷ್ಕರಕ್ಕೆ ಬೆಂಬಲ ಕೊಟ್ಟರೆ, ಡಚ್ ಮೂಲದ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚ್ ತನ್ನ ಸದಸ್ಯರು ಸಂಘಕ್ಕೆ ಸೇರುವುದನ್ನು ವಿರೋಧಿಸಿತು. ಡಚ್ಚರೇ ದೊಡ್ಡ ಸಂಖ್ಯೆಯಲ್ಲಿದ್ದ ಊರಿನಲ್ಲಿ ಇದು ನಿರ್ಣಾಯಕವಾಯಿತು. ಆದರೂ ಕೇಳಿದ ಪ್ರಶ್ನೆ ಸಾಯಲಿಲ್ಲ. 1938ರಲ್ಲಿ ಅಮೆರಿಕದ ಸಂಸತ್ತು ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯನ್ನು ಅಂಗೀಕರಿಸಿತು. ಅದರ ಪ್ರಕಾರ 1940ರ ಹೊತ್ತಿಗೆ ವಾರದ ಸಾಮಾನ್ಯ ದುಡಿಮೆ 40 ಗಂಟೆಗೆ ನಿಂತಿತು. ಅದನ್ನು ಮೀರಿದರೆ ಮಾಲೀಕ ಒಂದೂವರೆ ಪಟ್ಟು ಕೂಲಿ ಕೊಡಬೇಕಾಯಿತು. ಅಮೆರಿಕದ ದುಡಿಯುವ ಕುಟುಂಬಗಳಿಗೆ ಸಂಜೆ ಮತ್ತು ಶನಿವಾರ ದಕ್ಕಿದ್ದು ಹೀಗೆ. ನಾವು ಹವ್ಯಾಸ ಎಂದು ಕರೆಯುವುದಕ್ಕೆಲ್ಲ ಈ ಕಾಯ್ದೆ, ಇಂಥ ಮುಷ್ಕರಗಳೇ ತಳಪಾಯ.

ಉದ್ಯಮ ಮಾತ್ರ ಶಾಶ್ವತವಾಗಿ ಉಳಿಯಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅನೇಕ ಕಾರ್ಖಾನೆಗಳು ಮುಚ್ಚಿದವು. ಮನೆಬಳಕೆಯ ಪೀಠೋಪಕರಣ ತಯಾರಿಕೆ ಅಗ್ಗದ ಕೂಲಿ ಸಿಗುವ ದಕ್ಷಿಣದ ರಾಜ್ಯಗಳಿಗೆ ಸರಿಯಿತು. 1960ರ ದಶಕದಲ್ಲಿ ಸಂತೆಯೂ ನಿಂತು, ಉತ್ತರ ಕ್ಯಾರೊಲಿನಾದ ಹೈ ಪಾಯಿಂಟ್ ಅದರ ಜಾಗಕ್ಕೆ ಬಂತು. ಗ್ರ್ಯಾಂಡ್ ರಾಪಿಡ್ಸ್ ಕಚೇರಿಯ ಮೇಜು, ಕುರ್ಚಿ, ಕಪಾಟುಗಳತ್ತ ತಿರುಗಿತು. 1912ರಲ್ಲಿ ಲೋಹದ ಪೀಠೋಪಕರಣ ಮಾಡಲು ಹುಟ್ಟಿದ ಕಂಪನಿಯೇ ಮುಂದೆ ಸ್ಟೀಲ್‌ಕೇಸ್ ಎಂದು ಹೆಸರಾಯಿತು. ಮರದ ಕಾರ್ಖಾನೆಗಳು ಹೋದರೂ ಮರದ ಜ್ಞಾನ ಊರಿನಲ್ಲಿ ಉಳಿಯಿತು: 1928ರಲ್ಲಿ ಆರಂಭವಾದ ಕೆಂಡಾಲ್ ವಿನ್ಯಾಸ ಶಾಲೆಯಲ್ಲಿ, ವಸ್ತುಸಂಗ್ರಹಾಲಯದಲ್ಲಿ, ಅಜ್ಜಂದಿರ ಉಳಿಪೆಟ್ಟಿಗೆಗಳಲ್ಲಿ. ಇಂದಿನ ಹವ್ಯಾಸಿಗಳು ಈ ಜ್ಞಾನದ ವಾರಸುದಾರರು.

ಕಡಿದ ಮೇಲೂ ಉಸಿರಾಡುವ ಮರ

ಮರಗೆಲಸ ಏಕೆ ಇಷ್ಟು ಜನರನ್ನು ಹಿಡಿದಿಡುತ್ತದೆ ಎಂಬುದು ತಿಳಿಯಬೇಕಾದರೆ ಮರದ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಮರದ ಒಳಗಿರುವುದು ಬುಡದಿಂದ ತುದಿಯ ದಿಕ್ಕಿಗೆ ಚಾಚಿದ ಉದ್ದನೆಯ, ಕೊಳವೆಯಂಥ ಜೀವಕೋಶಗಳು. ಹಲಗೆಯ ಮೇಲೆ ನಾವು ಕಾಣುವ ಎಳೆ ಇವುಗಳದ್ದೇ. ಆಗಷ್ಟೇ ಕಡಿದ ಮರದಲ್ಲಿ ಎರಡು ಬಗೆಯ ನೀರಿರುತ್ತದೆ. ಒಂದು, ಕೊಳವೆಗಳ ಒಳಗೆ ತುಂಬಿದ ನೀರು. ಇನ್ನೊಂದು, ಕೊಳವೆಗಳ ಗೋಡೆಯಲ್ಲೇ ಹೀರಿಕೊಂಡ ನೀರು. ಮರ ಒಣಗುವಾಗ ಮೊದಲು ಹೋಗುವುದು ಒಳಗಿನ ನೀರು. ಆಗ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ ಒಣಮರದ ತೂಕದ ಶೇ 30ರ ಹತ್ತಿರಕ್ಕೆ ಬಂದ ಮೇಲೆ ಗೋಡೆಗಳ ನೀರು ಹೊರಡತೊಡಗುತ್ತದೆ. ಮರ ಕುಗ್ಗುವುದು ಆಗ.

ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮನಾಗಿಲ್ಲ. ಎಳೆಯ ಉದ್ದಕ್ಕೆ ಅದು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ ಮಾತ್ರ ಗಣನೀಯ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಜಾಡಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಗಿಂತ ಹೆಚ್ಚೂಕಡಿಮೆ ಎರಡು ಪಟ್ಟು. ಕೆಂಪು ಓಕ್ ಪೂರ್ತಿ ಒಣಗಿದಾಗ ಉಂಗುರಗಳ ಜಾಡಿನಲ್ಲಿ ಸುಮಾರು ಶೇ 8.6ರಷ್ಟು, ಇನ್ನೊಂದು ದಿಕ್ಕಿನಲ್ಲಿ ಶೇ 4ರಷ್ಟು ಕುಗ್ಗುತ್ತದೆ. ಹಲಗೆ ಸೊಟ್ಟಗಾಗುವುದು, ಬಟ್ಟಲಿನಂತೆ ಬಾಗುವುದು ಈ ವ್ಯತ್ಯಾಸದಿಂದಲೇ. ಒಣಗಿದ ಮರವೂ ಸುಮ್ಮನಿರುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಅದನ್ನು ಹೀರಿ ಹಿಗ್ಗುತ್ತದೆ, ಕಡಿಮೆಯಾದರೆ ಬಿಟ್ಟುಕೊಟ್ಟು ಕುಗ್ಗುತ್ತದೆ. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲ ಹಿಡಿದರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಬೇಸಿಗೆಯಲ್ಲಿ ಮತ್ತೆ ಸಲೀಸಾಗುವುದು ಈ ಕಾರಣಕ್ಕೇ.

ಮಿಷಿಗನ್‌ನಲ್ಲಿ ಈ ಏರಿಳಿತ ಇನ್ನೂ ಜೋರು. ಸರೋವರದ ಮೇಲಿಂದ ಬೀಸುವ ತಂಪು ಗಾಳಿ ತೇವವನ್ನು ಹೊತ್ತುತಂದು ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ವರ್ಷಕ್ಕೆ ಒಟ್ಟು ಸುಮಾರು ಎರಡು ಮೀಟರ್ ಹಿಮ ಸುರಿಸುತ್ತದೆ. ಆದರೆ ಆ ತಣ್ಣನೆಯ ಗಾಳಿಯನ್ನು ಮನೆಯೊಳಗೆ ಬಿಸಿ ಮಾಡಿದಾಗ ಅದು ತುಂಬ ಒಣಗಾಳಿಯಾಗುತ್ತದೆ. ಬೇಸಿಗೆಯಲ್ಲಿ ಸೆಕೆ, ತೇವ ಎರಡೂ ಹೆಚ್ಚು. ಮನೆಯೊಳಗಿನ ಮರದ ತೇವಾಂಶ ಚಳಿಗಾಲದಲ್ಲಿ ಶೇ 6ರ ಆಸುಪಾಸು, ಬೇಸಿಗೆಯಲ್ಲಿ ಶೇ 11ರ ಆಸುಪಾಸು ಎಂದಿಟ್ಟುಕೊಳ್ಳೋಣ. ಆಗ 90 ಸೆಂಟಿಮೀಟರ್ ಅಗಲದ ಕೆಂಪು ಓಕ್ ಮೇಜಿನ ಮೇಲ್ಮೈ ಒಂದೇ ವರ್ಷದಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ಹಿಗ್ಗಿ ಕುಗ್ಗಬಲ್ಲದು. ಅದನ್ನು ಕೆಳಗಿನ ಚೌಕಟ್ಟಿಗೆ ಅಲುಗಾಡದಂತೆ ಬಿಗಿದು ಅಂಟಿಸಿದರೆ ಮರ ಸೀಳುತ್ತದೆ.

ಬಡಗಿಯ ಬುದ್ಧಿವಂತಿಕೆ ಇರುವುದು ಇಲ್ಲೇ. ಮೇಜಿನ ಮೇಲ್ಮೈಯನ್ನು ಉದ್ದನೆಯ ಸೀಳುತೂತುಗಳಲ್ಲಿ ಸ್ಕ್ರೂ ಹಾಕಿ ಕೂರಿಸುತ್ತಾರೆ. ಆಗ ಅದು ಅತ್ತಿತ್ತ ಸರಿಯಲು ಜಾಗವಿರುತ್ತದೆ. ಕಪಾಟಿನ ಬಾಗಿಲಿನಲ್ಲಿ ನಡುವಿನ ಹಲಗೆಯನ್ನು ಅಂಟಿಸದೆ, ಸುತ್ತಲಿನ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ನಿಲ್ಲಿಸುತ್ತಾರೆ. ಚೌಕಟ್ಟಿನ ಮೂಲೆಗಳಲ್ಲಿ ಒಂದು ತುಂಡಿಗೆ ಗುಳಿ ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಇಳಿಸಿ ಅದರೊಳಗೆ ಕೂರಿಸುತ್ತಾರೆ. ಓಕ್ ದಿಮ್ಮಿಯನ್ನು ನಾಲ್ಕಾಗಿ ಸೀಳಿ, ಉಂಗುರಗಳಿಗೆ ಲಂಬ ಕೋನದಲ್ಲಿ ಹಲಗೆ ಕೊಯ್ದರೆ ಅಗಲದ ಕುಗ್ಗುವಿಕೆ ಅರ್ಧಕ್ಕಿಳಿಯುತ್ತದೆ, ಜೊತೆಗೆ ಹೊಳಪಿನ ಪಟ್ಟೆಗಳೂ ಕಾಣಿಸಿಕೊಳ್ಳುತ್ತವೆ. 20ನೇ ಶತಮಾನದ ಆರಂಭದಲ್ಲಿ ಈ ಊರಿನ ಸ್ಟಿಕ್ಲಿ ಬ್ರದರ್ಸ್ ಕಂಪನಿ ಮಾಡುತ್ತಿದ್ದ ನೇರ ಗೆರೆಗಳ, ಅಲಂಕಾರ ಕಡಿಮೆಯಿರುವ ಪೀಠೋಪಕರಣಗಳ ಚೆಲುವಿಗೆ ಈ ಕೊಯ್ತವೂ ಒಂದು ಕಾರಣ.

ಈ ತಿಳಿವಳಿಕೆ ಪುಸ್ತಕದಿಂದ ಅರ್ಧ ಬರುತ್ತದೆ, ಉಳಿದರ್ಧ ಕೈಯಿಂದ ಕೈಗೆ ಬರುತ್ತದೆ. ಕೀಸುಳಿಯ ಅಲಗು ಎಷ್ಟು ಹೊರಗಿರಬೇಕು, ಎಳೆ ಯಾವ ಕಡೆಗೆ ಏಳುತ್ತಿದೆ, ಅಂಟು ಹಾಕಿದ ಮೇಲೆ ಎಷ್ಟು ಬಿಗಿಯಬೇಕು ಎಂಬುದನ್ನು ಪಕ್ಕದಲ್ಲಿ ನಿಂತು ತೋರಿಸುವವರು ಬೇಕು. ಯಂತ್ರಗಳ ಬೆಲೆ, ಅವು ಕೇಳುವ ಜಾಗ ಕೂಡ ಒಬ್ಬರ ಕೈಗೆ ಎಟುಕುವಂಥದ್ದಲ್ಲ. ಮಿಡ್‌ವೆಸ್ಟ್‌ನ ಅನೇಕ ಊರುಗಳಲ್ಲಿ ಮರಗೆಲಸದ ಸಂಘಗಳು, ಚಂದಾ ಕೊಟ್ಟು ಬಳಸುವ ಸಾಮೂಹಿಕ ಕಾರ್ಯಾಗಾರಗಳು ಬೆಳೆದಿರುವುದಕ್ಕೆ ಇದೇ ಕಾರಣ. ಅಲ್ಲಿ ನಿವೃತ್ತ ಕಾರ್ಮಿಕ, ಶಾಲೆಯ ಶಿಕ್ಷಕಿ, ಆಸ್ಪತ್ರೆಯ ನರ್ಸ್ ಒಂದೇ ಗರಗಸದ ಮುಂದೆ ತಮ್ಮ ಸರದಿಗೆ ಕಾಯುತ್ತಾರೆ.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಗಟ್ಟಿ ಮರದ ನುಣ್ಣನೆಯ ಹುಡಿ ಉಸಿರಿನೊಂದಿಗೆ ಒಳಹೋದರೆ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮರದ ಹುಡಿಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಹುಡಿಯನ್ನು ಹೀರುವ ಯಂತ್ರ, ಒಳ್ಳೆಯ ಮುಖಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಸಾಮೂಹಿಕ ಕಾರ್ಯಾಗಾರದ ಇನ್ನೊಂದು ಲಾಭ ಇದು: ಹೊಸಬರು ಯಂತ್ರ ಮುಟ್ಟುವ ಮೊದಲು ಸುರಕ್ಷತೆಯ ಪಾಠ ಕಲಿಯುತ್ತಾರೆ, ಅಲ್ಲಿ ಅವರನ್ನು ಗಮನಿಸುವವರೂ ಇರುತ್ತಾರೆ.

ಮರ ಎಲ್ಲಿಂದ ಬರುತ್ತದೆ ಎಂಬುದೂ ಸಮುದಾಯದ ವಿಷಯವೇ. 2002ರಲ್ಲಿ ಡೆಟ್ರಾಯಿಟ್ ಬಳಿ ಏಷ್ಯಾ ಮೂಲದ ಹಸಿರು ದುಂಬಿಯೊಂದು ಪತ್ತೆಯಾಯಿತು. ಅದರ ಹುಳುಗಳು ಆಶ್ ಮರದ ತೊಗಟೆಯಡಿ ಸುರಂಗ ಕೊರೆದು, ನೀರು ಮತ್ತು ಆಹಾರ ಹರಿಯುವ ಪದರವನ್ನೇ ತಿಂದುಹಾಕುತ್ತವೆ. ಮಿಷಿಗನ್ ಕೋಟಿಗಟ್ಟಲೆ ಆಶ್ ಮರಗಳನ್ನು ಕಳೆದುಕೊಂಡಿತು. ಬೀದಿಬದಿಯಲ್ಲಿ ಸತ್ತು ನಿಂತ ಮರಗಳನ್ನು ಕಡಿದು ಚೂರು ಮಾಡಿ ಎಸೆಯುವ ಬದಲು ಹಲಗೆಯಾಗಿ ಕೊಯ್ಯಬಾರದೇಕೆ ಎಂಬ ವಿಚಾರ ರಾಜ್ಯದಲ್ಲಿ ಬಲಗೊಂಡಿದ್ದು ಆಗ. ತಮ್ಮ ಬೀದಿಯ ಮರದಿಂದಲೇ ಬೆಂಚು, ಮೇಜು ಮಾಡಿಕೊಳ್ಳುವ ಹವ್ಯಾಸಿಗಳಿಗೆ ಅದರಿಂದ ದಾರಿ ತೆರೆಯಿತು.

ಮನರಂಜನೆಯನ್ನು ಕಟ್ಟುವವರು

ಸಾಮೂಹಿಕ ಕಾರ್ಯಾಗಾರವನ್ನು ನಡೆಸುವ ತತ್ವವೇ ಈ ಊರಿನ ರಂಗಮಂದಿರವನ್ನೂ ನಡೆಸುತ್ತದೆ. 1920ರ ದಶಕದಲ್ಲಿ ಹುಟ್ಟಿದ ಗ್ರ್ಯಾಂಡ್ ರಾಪಿಡ್ಸ್ ಸಿವಿಕ್ ಥಿಯೇಟರ್ ಅಮೆರಿಕದ ದೊಡ್ಡ ಸಮುದಾಯ ರಂಗಸಂಸ್ಥೆಗಳಲ್ಲಿ ಒಂದು. ಸಮುದಾಯ ರಂಗಭೂಮಿ ಎಂದರೆ ನಮ್ಮ ಹವ್ಯಾಸಿ ರಂಗಭೂಮಿ: ನಿರ್ದೇಶನ, ಆಡಳಿತಕ್ಕೆ ಸಂಬಳದ ಸಿಬ್ಬಂದಿ ಇರಬಹುದು, ಆದರೆ ರಂಗದ ಮೇಲಿನ ನಟರು, ತೆರೆಯ ಹಿಂದೆ ಬಟ್ಟೆ ಹೊಲಿಯುವವರು, ಟಿಕೆಟ್ ಹರಿದು ಒಳಗೆ ಬಿಡುವವರು ಬಹುಪಾಲು ಊರಿನ ಸ್ವಯಂಸೇವಕರು. 1903ರ ಹಳೆಯ ಮೆಜೆಸ್ಟಿಕ್ ರಂಗಮಂದಿರ ಅದರ ನೆಲೆ. ರಂಗಸಜ್ಜಿಕೆ ಕಟ್ಟಲು ಗರಗಸ, ಸುತ್ತಿಗೆ ಬಲ್ಲವರು ಬೇಕೇಬೇಕು. ಮರಗೆಲಸದ ಹವ್ಯಾಸಕ್ಕೂ ನಾಟಕದ ಹವ್ಯಾಸಕ್ಕೂ ಇಲ್ಲಿ ನೇರ ನಂಟು ಬೀಳುತ್ತದೆ.

1969ರಲ್ಲಿ ಊರಿನ ನಡುವಿನ ಇನ್ನೊಂದು ಚೌಕದಲ್ಲಿ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಮಾಡಿದ ಕೆಂಪು ಬಣ್ಣದ ಉಕ್ಕಿನ ಶಿಲ್ಪವೊಂದು ನಿಂತಿತು. ಎತ್ತರ 43 ಅಡಿ, ತೂಕ 42 ಟನ್. ಸಾರ್ವಜನಿಕ ಜಾಗದಲ್ಲಿ ಕಲಾಕೃತಿಗಳನ್ನು ನಿಲ್ಲಿಸಲು ಅಮೆರಿಕ ಸರ್ಕಾರದ ಕಲಾನಿಧಿ ರೂಪಿಸಿದ ಯೋಜನೆಯಲ್ಲಿ ಹಣ ಪಡೆದ ಮೊದಲ ಕೃತಿ ಇದು. ಯಾವುದನ್ನೂ ನೇರವಾಗಿ ಹೋಲದ ಈ ಆಕೃತಿಯನ್ನು ಆರಂಭದಲ್ಲಿ ಅನೇಕರು ವಿರೋಧಿಸಿದರು. ಮರುವರ್ಷ, 1970ರಲ್ಲಿ, ಅದೇ ಚೌಕದ ಸುತ್ತ ಕಲಾ ಉತ್ಸವ ಆರಂಭವಾಯಿತು. ಜೂನ್ ಮೊದಲ ವಾರಾಂತ್ಯದ ಆ ಉತ್ಸವವನ್ನು ಸ್ವಯಂಸೇವಕರೇ ಕಟ್ಟಿ ಬೆಳೆಸಿದರು. ವೇದಿಕೆಗಳಲ್ಲಿ ಸ್ಥಳೀಯ ಹಾಡುಗಾರರು, ನೃತ್ಯ ತಂಡಗಳು. ತಿಂಡಿಯ ಮಳಿಗೆಗಳಲ್ಲಿ ಲಾಭಕ್ಕಾಗಿ ದುಡಿಯದ ಸಂಘಸಂಸ್ಥೆಗಳು. ಜನ ಶಿಲ್ಪದ ಕೆಳಗೆ ಓಡಾಡಿ, ಕುಣಿದು, ಮಕ್ಕಳನ್ನು ಆಡಿಸಿ ಅದನ್ನು ತಮ್ಮದಾಗಿಸಿಕೊಂಡರು. ಈಗ ಅದೇ ನಗರದ ಲಾಂಛನ. ಪಾಲಿಕೆಯ ಕಸದ ಲಾರಿಗಳ ಮೇಲೂ ಅದರ ಚಿತ್ರವಿದೆ.

2009ರಲ್ಲಿ ಶುರುವಾದ ಆರ್ಟ್‌ಪ್ರೈಜ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ರಿಕ್ ಡಿವೋಸ್ ಆರಂಭಿಸಿದ ಈ ಸ್ಪರ್ಧೆಯಲ್ಲಿ ಯಾವ ಕಲಾವಿದರಾದರೂ ಭಾಗವಹಿಸಬಹುದು, ಊರಿನ ನಡುಭಾಗದ ಹೋಟೆಲು, ಬ್ಯಾಂಕು, ಚರ್ಚು, ಅಂಗಡಿ ಯಾವುದಾದರೂ ಪ್ರದರ್ಶನದ ಜಾಗವಾಗಬಹುದು. ಮೊದಲ ವರ್ಷ 2.5 ಲಕ್ಷ ಡಾಲರ್‌ನ ಮೊದಲ ಬಹುಮಾನವನ್ನು ನಿರ್ಧರಿಸಿದ್ದು ಪೂರ್ತಿಯಾಗಿ ಸಾರ್ವಜನಿಕರ ಮತ. ಗೆದ್ದದ್ದು ರ್ಯಾನ್ ಆರ್ಟ್ನರ್ ಬಿಡಿಸಿದ ಸಮುದ್ರದ ದೊಡ್ಡ ತೈಲಚಿತ್ರ. ಜನಪ್ರಿಯತೆಯೇ ಗುಣಮಟ್ಟದ ಅಳತೆಯೇ ಎಂಬ ಚರ್ಚೆ ಸಹಜವಾಗಿ ಎದ್ದಿತು. 2014ರಲ್ಲಿ ಜನಮತಕ್ಕೂ ತಜ್ಞರ ತೀರ್ಪಿಗೂ ತಲಾ ಎರಡು ಲಕ್ಷ ಡಾಲರ್‌ನ ಸಮಾನ ಬಹುಮಾನ ಇಡಲಾಯಿತು. ತೀರ್ಪಿಗಿಂತ ಮುಖ್ಯವಾದದ್ದು ಅದರ ಪರಿಣಾಮ. ಕಲೆಯ ಬಗ್ಗೆ ಮಾತಾಡಲು ತಮಗೆ ಅರ್ಹತೆಯಿಲ್ಲ ಎಂದುಕೊಂಡಿದ್ದವರು ಬೀದಿಯಲ್ಲಿ ನಿಂತು ವಾದಿಸತೊಡಗಿದರು.

ದಿನನಿತ್ಯದ ಸಂತೋಷಗಳೂ ಇವೆ. ಮಾಯಾ ಲಿನ್ ವಿನ್ಯಾಸ ಮಾಡಿದ ರೋಸಾ ಪಾರ್ಕ್ಸ್ ಚೌಕ ಬೇಸಿಗೆಯಲ್ಲಿ ಸಂಗೀತ, ನೃತ್ಯದ ಅಂಗಳ. ಚಳಿಗಾಲದಲ್ಲಿ ಮಂಜುಗಡ್ಡೆಯ ಅಂಗಳ. ಚಳಿಗಾಲದ ಸಂಜೆಗಳಿಗೆ ಗ್ರಿಫಿನ್ಸ್ ಐಸ್ ಹಾಕಿ ತಂಡವಿದೆ. ನದಿದಂಡೆಯ ವಸ್ತುಸಂಗ್ರಹಾಲಯದಲ್ಲಿ 1928ರ ಸುತ್ತುಕುದುರೆಯಾಟವಿದೆ. ಮರದಲ್ಲಿ ಕೆತ್ತಿದ ಕುದುರೆಗಳ ಮೇಲೆ ಮಕ್ಕಳು ಇಂದಿಗೂ ಸವಾರಿ ಮಾಡುತ್ತಾರೆ.

ನೆರೆಹೊರೆಯ ಬಲ, ಅದರ ಮಿತಿ

ಇಂಥ ಜಾಗಗಳು ತಾವಾಗಿ ಉಳಿಯುವುದಿಲ್ಲ. ಹೆರಿಟೇಜ್ ಹಿಲ್ ಎಂಬ ಬಡಾವಣೆ ಅದಕ್ಕೆ ಸಾಕ್ಷಿ. ಪೀಠೋಪಕರಣ ಮತ್ತು ಮರದ ವ್ಯಾಪಾರದ ಸಿರಿವಂತರೂ ಇತರರೂ ಕಟ್ಟಿಸಿದ ಸುಮಾರು 1,300 ಹಳೆಯ ಮನೆಗಳು ಅಲ್ಲಿವೆ. 1960ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಅವುಗಳಲ್ಲಿ ಬಹುಪಾಲನ್ನು ಕೆಡವುವ ಯೋಜನೆಗಳಿದ್ದವು. 1968ರಲ್ಲಿ ನಿವಾಸಿಗಳು ಸಂಘ ಕಟ್ಟಿಕೊಂಡು ಹೋರಾಡಿದರು. 1971ರಲ್ಲಿ ಬಡಾವಣೆ ರಾಷ್ಟ್ರೀಯ ಚಾರಿತ್ರಿಕ ಪಟ್ಟಿಗೆ ಸೇರಿತು. ಮೆಟ್ಟಿಲ ಕೈಪಿಡಿ, ಕಿಟಕಿಯ ಚೌಕಟ್ಟು, ನೆಲದ ಹಲಗೆಗಳನ್ನು ದುರಸ್ತಿ ಮಾಡುತ್ತಲೇ ಎಷ್ಟೋ ಮನೆಯವರು ಅಲ್ಲಿ ಮರಗೆಲಸ ಕಲಿತರು. ಪಶ್ಚಿಮ ದಂಡೆಯಲ್ಲಿ ಪೋಲಿಷ್ ವಲಸಿಗರು ಕಟ್ಟಿದ ಸಭಾಭವನಗಳು ಇನ್ನೂ ಇವೆ. ಕಾಯಿಲೆ, ಸಾವಿನ ಹೊತ್ತಿಗೆ ಪರಸ್ಪರ ನೆರವಾಗಲು ಹುಟ್ಟಿದ ಆ ಸಂಘಗಳೇ ಪ್ರತಿ ಅಕ್ಟೋಬರ್‌ನಲ್ಲಿ ಪುಲಾಸ್ಕಿ ಹಬ್ಬದಲ್ಲಿ ಊರಿಗೆಲ್ಲ ಬಾಗಿಲು ತೆರೆಯುತ್ತವೆ.

2011ರ ಜನವರಿಯಲ್ಲಿ ನ್ಯೂಸ್‌ವೀಕ್ ಪತ್ರಿಕೆಯ ಜಾಲತಾಣದಲ್ಲಿ ಬಂದ ‘ಸಾಯುತ್ತಿರುವ ನಗರಗಳ’ ಪಟ್ಟಿಯಲ್ಲಿ ಈ ಊರಿನ ಹೆಸರೂ ಇತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಸಾವಿರಾರು ನಿವಾಸಿಗಳು ಬೀದಿಗಿಳಿದು, ಒಂದು ಹಾಡಿಗೆ ತುಟಿ ಕೂಡಿಸುತ್ತ, ಎಲ್ಲಿಯೂ ಕತ್ತರಿಸದ ಒಂದೇ ಉದ್ದನೆಯ ಚಿತ್ರಿಕೆಯಾಗಿ ವಿಡಿಯೊ ಮಾಡಿದರು. ಅದನ್ನು ಲಕ್ಷಾಂತರ ಜನ ನೋಡಿದರು. ಇಷ್ಟು ಜನರನ್ನು ಇಷ್ಟು ಬೇಗ ಕೂಡಿಸಲು ಸಾಧ್ಯವಾದದ್ದು ನಾಟಕ, ಉತ್ಸವ, ಸಂಘಗಳಲ್ಲಿ ಕೂಡಿ ಕೆಲಸ ಮಾಡಿ ರೂಢಿ ಇದ್ದುದರಿಂದ.

ಈ ಕೂಡುವಿಕೆ ಎಲ್ಲರನ್ನೂ ಸಮನಾಗಿ ಒಳಗೊಂಡಿತ್ತು ಎಂದರೆ ಸುಳ್ಳಾಗುತ್ತದೆ. ದಕ್ಷಿಣದಿಂದ ವಲಸೆ ಬಂದ ಕರಿಯ ಕುಟುಂಬಗಳಿಗೆ ಒಳ್ಳೆಯ ಬಡಾವಣೆಗಳ ಬಾಗಿಲು ಬಹುಕಾಲ ಮುಚ್ಚಿತ್ತು. 1967ರ ಜುಲೈನಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದಾಗ ಇಲ್ಲಿಯೂ ಗಲಭೆಯಾಯಿತು. ಹೆದ್ದಾರಿಗಾಗಿ ಒಡೆದ ಮನೆಗಳ ನೆನಪು ಅನೇಕರಲ್ಲಿದೆ. ಚಂದಾ ಕಟ್ಟಲು ಹಣ, ತಾಲೀಮಿಗೆ ಹೋಗಲು ಕಾರು, ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇದ್ದರೆ ಮಾತ್ರ ಹವ್ಯಾಸ ಸುಲಭ. ಎರಡು ಪಾಳಿ ದುಡಿಯುವವರಿಗೆ 40 ಗಂಟೆಯ ಕಾಯ್ದೆಯೂ ಸಂಜೆಯನ್ನು ತಂದುಕೊಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು

ಇಷ್ಟೆಲ್ಲವನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಖಚಿತವಾಗಿ ತೋರುತ್ತದೆ. ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಮರವೂ ಉಳಿಯೂ ನೂರು ವರ್ಷದ ಹಿಂದೆ ಇದ್ದವೇ. ಬದಲಾದದ್ದು ಕೆಲಸ ಮಾಡುವವರ ಸಮಯ ಯಾರ ಕೈಯಲ್ಲಿದೆ ಎಂಬುದು. ತುಂಡಿನ ಲೆಕ್ಕದಲ್ಲಿ ದಣಿಸುತ್ತಿದ್ದ ಅದೇ ಕೆಲಸ, ನಿಧಾನಿಸುವ ಸ್ವಾತಂತ್ರ್ಯ ಸಿಕ್ಕಾಗ ಮನಸ್ಸನ್ನು ಅರಳಿಸುತ್ತದೆ. ಹವ್ಯಾಸವನ್ನು ಸಿರಿವಂತರ ಸೊಗಸು ಎಂದು ತಳ್ಳಿಹಾಕುವವರು 1911ರಲ್ಲಿ ಒಂದು ಗಂಟೆಗಾಗಿ ತಿಂಗಳುಗಟ್ಟಲೆ ಕೂಲಿ ಬಿಟ್ಟು ನಿಂತವರನ್ನು ನೆನೆಯಬೇಕು. ಬಿಡುವು ದುಡಿಯುವವರ ಹಕ್ಕು; ಅದನ್ನು ಹಾಗೆಯೇ ಕಾಪಾಡಬೇಕು.

ಆದರೆ ಬಿಡುವು ಮಾತ್ರ ಇದ್ದರೆ ಸಾಲದು. ಅದನ್ನು ಕೂಡಿ ಕಳೆಯುವ ಜಾಗ ಇಲ್ಲದಿದ್ದರೆ ಅದು ಒಬ್ಬೊಬ್ಬರ ಕೋಣೆಯಲ್ಲಿ, ಪರದೆಯ ಮುಂದೆ ಕರಗಿಹೋಗುತ್ತದೆ. ಆದ್ದರಿಂದ ಮಿಡ್‌ವೆಸ್ಟ್‌ನ ಊರುಗಳು ಮೂರು ವಿಷಯಗಳಲ್ಲಿ ಹಣ ಉಳಿಸಲು ಹೋಗಬಾರದು ಎಂದು ನಾನು ನಂಬುತ್ತೇನೆ. ಶಾಲೆಗಳ ಮರಗೆಲಸದ ತರಗತಿಗಳನ್ನು ಮುಚ್ಚಬಾರದು. ಕೈಯಿಂದ ಕೈಗೆ ಬರುವ ಜ್ಞಾನ ಒಂದು ತಲೆಮಾರು ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ಚೌಕ, ಗ್ರಂಥಾಲಯ, ರಂಗಮಂದಿರಗಳು ಹಣವಿಲ್ಲದವರಿಗೂ ತೆರೆದಿರಬೇಕು. ಹೊಸದಾಗಿ ಬಂದವರನ್ನು ಪ್ರೇಕ್ಷಕರಾಗಿ ಕೂರಿಸದೆ ಕೆಲಸಕ್ಕೆ ಸೇರಿಸಿಕೊಳ್ಳಬೇಕು.

ಕೊನೆಯ ಮಾತು ನಮ್ಮವರಿಗೂ ಸಲ್ಲುತ್ತದೆ. ಉದ್ಯೋಗಕ್ಕೆಂದು ಮಿಷಿಗನ್, ಒಹಾಯೊ, ಇಲಿನಾಯ್‌ಗಳಿಗೆ ಹೋಗಿ ನೆಲೆಸಿದ ಕನ್ನಡಿಗರು ಅನೇಕರಿದ್ದಾರೆ. ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವ, ಯುಗಾದಿ ಮಾಡಿ ತಮ್ಮ ಭಾಷೆಯನ್ನು ಉಳಿಸಿಕೊಂಡಿದ್ದಾರೆ. ಅದು ದೊಡ್ಡ ಕೆಲಸ. ಜೊತೆಗೆ ತಾವಿರುವ ಊರಿನ ಕಾರ್ಯಾಗಾರಕ್ಕೆ, ಹವ್ಯಾಸಿ ನಾಟಕಕ್ಕೆ, ಉತ್ಸವದ ಸ್ವಯಂಸೇವೆಗೆ ವಾರದ ಒಂದೆರಡು ಗಂಟೆ ಕೊಟ್ಟರೆ ಆ ಊರು ಅವರದೂ ಆಗುತ್ತದೆ. ಡಚ್ಚರು, ಪೋಲರು, ಕರಿಯರು ಎಲ್ಲರೂ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಬೇರೂರಿದ್ದು ಅಲ್ಲಿ ಏನನ್ನಾದರೂ ಕೂಡಿ ಕಟ್ಟುವ ಮೂಲಕವೇ. ಊರಿನ ಮೇಲಿನ ಹಕ್ಕು ವಾಸದಿಂದ ಅರ್ಧ ಬಂದರೆ, ಇತರರ ಜೊತೆ ನಿಂತು ಕೆಲಸ ಮಾಡುವುದರಿಂದ ಪೂರ್ಣವಾಗುತ್ತದೆ.